ಏಳು ಸಂಜೆ, ಏಳು ಚಿತ್ರ

ಕಳೆದ ವಾರ ನಾವು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಇಡುವಂತಿರಲಿಲ್ಲ ಎಂಬುದೇ ನಿಜ. ರೈಲು ನಿಲ್ದಾಣವೊಂದರ ಮೆಟ್ಟಿಲಿಳಿಯುವಾಗ ಕಾಲು ಹೊರಳಿ ಕಣಕಾಲು ಉಳುಕಿತು. ಎಪ್ಪತ್ತೆಂಟರ ವಯಸ್ಸಿನಲ್ಲಿ ಮುಂಬಯಿಯ ಜನಪ್ರವಾಹದೊಡನೆ ಪೈಪೋಟಿ ನಡೆಸಬಾರದೆಂಬ ಬುದ್ಧಿ ನಮಗೆ ಇನ್ನೂ ಬಂದಿಲ್ಲ. ಒಂದು ವಾರ ಕಾಲನ್ನು ನೆಲಕ್ಕೆ ಊರಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಸಂಜೆಯಾಯಿತೆಂದರೆ ಸಂಘದ ಸಭೆ, ಉಪನ್ಯಾಸ, ತಾಳಮದ್ದಳೆ ಎಂದು ತಿರುಗುವ ಚಟವುಳ್ಳ ನಮಗೆ ಇದು ಕಾರಾಗೃಹವಾಸಕ್ಕೆ ಸಮನಾದ ಶಿಕ್ಷೆಯಾಗಿ ತೋರಿತು.

ಶಿಕ್ಷೆಯನ್ನು ಹಗುರಗೊಳಿಸುವ ಉಪಾಯವನ್ನು ಕಂಡುಹಿಡಿದವನು ನಮ್ಮ ಮೊಮ್ಮಗ. ಅವನಿಗೆ ಈಗ ಹದಿನಾಲ್ಕು ವರ್ಷ, ಶಾಲೆಗೆ ರಜೆ. ಗೋಡೆಯ ಮೇಲಿನ ದೊಡ್ಡ ತೆರೆಯಲ್ಲಿ ದಿನಕ್ಕೊಂದು ಚಿತ್ರ ನೋಡುವುದು, ಆಯ್ಕೆಯ ಅಧಿಕಾರವನ್ನು ಮನೆಯವರೆಲ್ಲ ಹಂಚಿಕೊಳ್ಳುವುದು ಎಂಬ ಒಡಂಬಡಿಕೆಯಾಯಿತು. ನಮ್ಮ ಗೃಹಿಣಿಗೆ ಒಂದು ದಿನ, ಮಗನಿಗೆ ಒಂದು, ಸೊಸೆಗೆ ಒಂದು, ನಮಗೆ ಎರಡು, ಯಂತ್ರವನ್ನು ನಡೆಸುವ ಶ್ರಮಕ್ಕಾಗಿ ಮೊಮ್ಮಗನಿಗೆ ಎರಡು. ಹೀಗೆ ಐದು ಮಂದಿಯ ಐದು ಬಗೆಯ ರುಚಿಗೆ ತಕ್ಕಂತೆ ಕಲೆತ ಏಳು ಚಿತ್ರಗಳ ವಿಷಯವಾಗಿ ನಮಗೆ ತೋರಿದುದನ್ನು ಇಲ್ಲಿ ನಿವೇದಿಸುತ್ತೇವೆ. ನಾವು ಚಿತ್ರಕಲಾವಿಶಾರದರಲ್ಲ. ಅರುವತ್ತು ವರ್ಷಗಳಿಂದ ಈ ನಗರದಲ್ಲಿ ಚಿತ್ರ ನೋಡುತ್ತ ಬಂದ ಸಾಮಾನ್ಯ ಪ್ರೇಕ್ಷಕರ ಮಾತಿಗೆ ಎಷ್ಟು ಬೆಲೆಯುಂಟೋ ಅಷ್ಟನ್ನೇ ವಾಚಕರು ಇದಕ್ಕೆ ಕೊಡಬೇಕು.

ಸೋಮವಾರ ಗೃಹಿಣಿಯ ಸರದಿ. ಆಕೆ ‘ಬಂಗಾರದ ಮನುಷ್ಯ’ವಲ್ಲದೆ ಬೇರೊಂದನ್ನು ಹೇಳುವಳೆಂದು ಯಾರೂ ನಿರೀಕ್ಷಿಸಿರಲಿಲ್ಲ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ, 1972ರಲ್ಲಿ ತೆರೆಕಂಡ ಈ ಚಿತ್ರದ ಪರಿಚಯವನ್ನು ಕನ್ನಡಿಗರಿಗೆ ಮಾಡಿಕೊಡುವುದು ಅಧಿಕಪ್ರಸಂಗವಾದೀತು. ಅಕ್ಕನ ಸಂಸಾರ ಅನಾಥವಾದಾಗ ಹಳ್ಳಿಗೆ ಬಂದು, ಬಂಡೆಯ ನೆಲವನ್ನು ಹಸನು ಮಾಡಿ ಬಂಗಾರ ಬೆಳೆದ ರಾಜೀವನಾಗಿ ರಾಜ್‌ಕುಮಾರ್ ಅವರು ಕಾಣಿಸಿಕೊಂಡ ರೀತಿ ಇಂದಿಗೂ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಆ ನೇಗಿಲು, ಆ ಹಾರೆ, ಆ ನಡಿಗೆ ಯಾವುದೂ ನಟನೆಯೆಂದು ತೋರುವುದಿಲ್ಲ. ಆದರೂ ಈ ಸಲ ಒಂದು ಕೊರತೆ ನಮ್ಮ ಕಣ್ಣಿಗೆ ಬಿತ್ತು. ನಾಯಕನನ್ನು ಎತ್ತರಕ್ಕೇರಿಸುವ ಆತುರದಲ್ಲಿ ಉಳಿದವರನ್ನು ಬೇಕೆಂದೇ ಕುಗ್ಗಿಸಲಾಗಿದೆ. ತಾನೇ ಸಾಕಿದ ಅಕ್ಕನ ಮಗ ಎದುರು ನಿಂತು ದೂಷಿಸಿದಾಗ ರಾಜೀವನು ಒಂದು ಮಾತೂ ಆಡದೆ ಮನೆ ಬಿಟ್ಟು ಹೊರಟುಹೋಗುವುದು ಔದಾರ್ಯವೆಂದು ನಾವು ತಾರುಣ್ಯದಲ್ಲಿ ಕಣ್ಣೀರಿಟ್ಟಿದ್ದೆವು. ಈಗ, ಆತ ಒಂದು ಮಾತು ಆಡಬಹುದಾಗಿತ್ತಲ್ಲ ಎನಿಸಿತು. ಹಿರಿಯರ ಮೌನ ಕಿರಿಯರಿಗೆ ಯಾವ ಪಾಠವನ್ನೂ ಕಲಿಸುವುದಿಲ್ಲ.

ಈ ಚಿತ್ರವನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ಬೇಸಾಯ ಹಿಡಿದವರುಂಟೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಇದ್ದರೂ ಇರಬಹುದು. ನಾವು ಇದನ್ನು ಮೊದಲು ನೋಡಿದುದು ಮುಂಬಯಿಯಲ್ಲಿ, ಆದಿತ್ಯವಾರದ ಬೆಳಗಿನ ವಿಶೇಷ ಪ್ರದರ್ಶನದಲ್ಲಿ. ಚಿತ್ರಮಂದಿರದ ತುಂಬ ಊರು ಬಿಟ್ಟು ಬಂದವರೇ. ಕೊನೆಯ ದೃಶ್ಯದಲ್ಲಿ ಮೂಗೊರಸಿಕೊಳ್ಳದವರಿರಲಿಲ್ಲ. ಆಟ ಮುಗಿಯಿತು, ಎಲ್ಲರೂ ಲೋಕಲ್ ಹಿಡಿದು ತಂತಮ್ಮ ಖೋಲಿಗೆ ಮರಳಿದೆವು. ಮರುದಿನ ಎಂದಿನಂತೆ ಕೆಲಸ. ಹಳ್ಳಿಗೆ ಮರಳಿದವರು ಯಾರೂ ನಮಗೆ ನೆನಪಿಲ್ಲ.

ಮಂಗಳವಾರ ನಮ್ಮ ಆಯ್ಕೆಯಂತೆ ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’ (1953) ನೋಡಿದೆವು. 1952ರಲ್ಲಿ ನಮ್ಮ ದೇಶದ ಪ್ರಥಮ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೇ ಮುಂಬಯಿಯಲ್ಲಿ ಆರಂಭವಾದಾಗ ಇಟಲಿಯ ‘ಬೈಸಿಕಲ್ ಥೀವ್ಸ್’ ಇಲ್ಲಿ ಪ್ರದರ್ಶಿತವಾಯಿತು. ಅದರಿಂದ ಪ್ರೇರಣೆ ಪಡೆದವರಲ್ಲಿ ಬಿಮಲ್ ರಾಯ್ ಒಬ್ಬರು. ಮರುವರ್ಷವೇ ಈ ಚಿತ್ರ ಹೊರಬಂದಿತು; 1954ರಲ್ಲಿ ಕಾನ್ ಚಿತ್ರೋತ್ಸವದ ಪುರಸ್ಕಾರವನ್ನೂ ಪಡೆಯಿತು. ಕಥೆ ಸರಳ. ಶಂಭು ಎಂಬ ರೈತನಿಗೆ ಎರಡು ಬೀಘಾ ಹೊಲವುಂಟು. ಜಮೀನುದಾರನಿಗೆ ಅಲ್ಲಿ ಗಿರಣಿ ಎಬ್ಬಿಸಬೇಕಾಗಿದೆ. ಅರುವತ್ತೈದು ರೂಪಾಯಿಯೆಂದು ಶಂಭು ನಂಬಿದ್ದ ಸಾಲ ಲೆಕ್ಕದ ಪುಸ್ತಕದಲ್ಲಿ ಇನ್ನೂರಮೂವತ್ತೈದನ್ನು ದಾಟಿರುತ್ತದೆ. ಮೂರು ತಿಂಗಳೊಳಗೆ ಹಣ ಸಂಪಾದಿಸಲು ಅವನು ಮಗನೊಡನೆ ಕಲಕತ್ತೆಗೆ ಹೋಗಿ ಕೈರಿಕ್ಷಾ ಎಳೆಯುತ್ತಾನೆ.

ಶಂಭುವಿನ ಪಾತ್ರಕ್ಕಾಗಿ ಬಲರಾಜ್ ಸಾಹನಿಯವರು ಕಲಕತ್ತೆಯ ಬೀದಿಗಳಲ್ಲಿ ತಾವೇ ರಿಕ್ಷಾ ಎಳೆದು ಅಭ್ಯಾಸ ಮಾಡಿದ್ದರು. ಆ ಅಭ್ಯಾಸದ ಫಲ ಅವರ ಕಾಲಿನ ಮೀನಖಂಡದಲ್ಲಿ ಕಾಣುತ್ತದೆ. ಸವಾರರಿಬ್ಬರು ಪಂತ ಕಟ್ಟಿದವರಂತೆ ವೇಗ ಹೆಚ್ಚಿಸಲು ಹುರಿದುಂಬಿಸುತ್ತ, ಹೆಚ್ಚು ಹಣದ ಆಸೆ ತೋರಿಸುತ್ತ, ಕೊನೆಗೆ ಚಕ್ರ ಕಳಚಿ ಶಂಭು ನೆಲಕ್ಕೆ ಬೀಳುವ ದೃಶ್ಯದಲ್ಲಿ ನಾವು ನಮ್ಮ ಉಳುಕಿದ ಕಾಲನ್ನು ಮರೆತು ಎದ್ದು ನಿಂತೆವು, ತಕ್ಷಣ ಕೂತೆವು. ಈ ಚಿತ್ರದಲ್ಲಿ ಕಣ್ಣೀರಿನ ಒತ್ತಾಯ ಕೆಲವೆಡೆ ಅತಿಯಾಯಿತೆಂಬುದನ್ನು ಒಪ್ಪುತ್ತೇವೆ. ಒಂದರ ಮೇಲೊಂದು ವಿಪತ್ತನ್ನು ಹೇರಿದಾಗ ಪ್ರೇಕ್ಷಕನ ಮನಸ್ಸು ಮರಗಟ್ಟುತ್ತದೆ. ಆದರೂ ತನ್ನದಲ್ಲದ ಹೊಲದಿಂದ ಒಂದು ಹಿಡಿ ಮಣ್ಣು ತೆಗೆದುಕೊಳ್ಳುವ ಶಂಭುವನ್ನು ಕಾವಲುಗಾರ ತಡೆಯುವ ಕೊನೆಯ ಕ್ಷಣದಲ್ಲಿ ನಿರ್ದೇಶಕರು ಎಲ್ಲವನ್ನೂ ಮರಳಿ ಗಳಿಸಿಕೊಳ್ಳುತ್ತಾರೆ.

ಬುಧವಾರ ಪುನಃ ನಮ್ಮದೇ ದಿನ, ಚಿತ್ರ ‘ಸಂಸ್ಕಾರ’. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದರು. ಮೊದಲು ಸೆನ್ಸಾರಿನವರ ನಿಷೇಧಕ್ಕೆ ಗುರಿಯಾಗಿ, ತರುವಾಯ ಬಿಡುಗಡೆಗೊಂಡು, ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದ ಚಿತ್ರವಿದು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೊವನ್ ಅವರದು. ನಮ್ಮ ಮಲೆನಾಡಿನ ಅಗ್ರಹಾರದ ಬೀದಿಯನ್ನು ಹೊರನಾಡಿನ ಕಣ್ಣೊಂದು ಎಷ್ಟು ಶ್ರದ್ಧೆಯಿಂದ ನೋಡಿತೆಂಬುದು ವಿಸ್ಮಯಕರ. ಹೆಣ ಮನೆಯಲ್ಲಿದೆ, ಸಂಸ್ಕಾರ ಮಾಡುವವರಿಲ್ಲ, ಊರಿಗೆ ಊರೇ ಉಪವಾಸ. ಈ ಬಿಕ್ಕಟ್ಟಿನ ಉಸಿರುಕಟ್ಟು ಕಪ್ಪುಬಿಳುಪಿನ ಪ್ರತಿಯೊಂದು ಚೌಕಟ್ಟಿನಲ್ಲಿಯೂ ತುಂಬಿದೆ. ಎರಡನೆಯ ಭಾಗದಲ್ಲಿ, ಆಚಾರ್ಯರು ಅಗ್ರಹಾರ ಬಿಟ್ಟು ಅಲೆಯತೊಡಗಿದ ಮೇಲೆ, ಕಾದಂಬರಿಯ ಒಳತೋಟಿಯನ್ನು ಮುಖಭಾವ ಮಾತ್ರದಿಂದ ತೋರಿಸಲು ಹೊರಟು ಚಿತ್ರ ಸ್ವಲ್ಪ ಸೊರಗುತ್ತದೆಂಬುದು ನಮ್ಮ ಅಭಿಪ್ರಾಯ.

ಅಂದಿನ ಸಂಜೆ ನಮ್ಮ ಮನಸ್ಸನ್ನು ಕಲಕಿದ ವಿಷಯ ಬೇರೊಂದು. ಚಿತ್ರ ಕನ್ನಡದ್ದು, ನೋಡುವವರೆಲ್ಲ ಕನ್ನಡದ ಮನೆಯವರು. ಆದರೂ ಮೊಮ್ಮಗ ತೆರೆಯ ಕೆಳಗೆ ಇಂಗ್ಲಿಷ್ ಅಕ್ಷರಗಳನ್ನು ಹರಿಯಬಿಟ್ಟಿದ್ದ. ಅವು ಬೇಡವೆಂದೆವು. ಬೇಕೆಂದ. ಹಾಗೆಂದು ಅವನಿಗೆ ಕನ್ನಡ ಬಾರದೆಂದಲ್ಲ. ಊಟ, ತಿಂಡಿ, ಜಗಳಕ್ಕೆ ಬೇಕಾದಷ್ಟು ಕನ್ನಡ ಅವನಲ್ಲುಂಟು. ಆಚಾರ್ಯರ ಕನ್ನಡಕ್ಕೆ ಅದು ಸಾಲದು. ಪಾತ್ರಗಳು ಬಾಯಿ ತೆರೆಯುವ ಮೊದಲೇ ಅವನು ಮಾತನ್ನು ಓದಿ ಮುಗಿಸುತ್ತಿದ್ದ. ನಮ್ಮ ಕಿವಿಗೆ ಮಾತು ಬೀಳುವಷ್ಟರಲ್ಲಿ ಅವನು ಮುಂದಿನ ಸಾಲಿನಲ್ಲಿರುತ್ತಿದ್ದ. ಒಂದೇ ಕೋಣೆಯಲ್ಲಿ ಒಂದೇ ಚಿತ್ರದ ಮುಂದೆ ಕುಳಿತೂ ಅಜ್ಜ ಮೊಮ್ಮಗ ಬೇರೆ ಬೇರೆ ಚಿತ್ರಗಳನ್ನು ನೋಡಿದಂತಾಯಿತು. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳು ಆ ಅಕ್ಷರಗಳಲ್ಲಿ ಒಂದೇ ಸಮತಟ್ಟಾಗಿಬಿಡುತ್ತವೆ. ಚಂದ್ರಿ ಆಚಾರ್ಯರನ್ನು ಹೇಗೆ ಸಂಬೋಧಿಸುತ್ತಾಳೆ ಎಂಬುದನ್ನು ಕೇಳಿಸಿಕೊಳ್ಳದವನಿಗೆ ಆ ಕಥೆಯ ಅರ್ಧ ದಕ್ಕಲಿಲ್ಲವೆಂದೇ ಲೆಕ್ಕ.

ಗುರುವಾರ ಮಗನ ಸರದಿ. ಮಿತಭಾಷಿಯಾದ ಅವನು ಜಪಾನಿನ ಚಿತ್ರವೊಂದನ್ನು ಆರಿಸಿದ್ದ: ಯಸುಜಿರೊ ಓಜು ಅವರ ‘ಟೋಕಿಯೋ ಸ್ಟೋರಿ’ (1953). ಈ ಸಲ ಅಕ್ಷರಗಳನ್ನು ಓದುವ ಸಂಕಟ ನಮ್ಮ ಪಾಲಿಗೂ ಬಂದಿತು, ಮನೆಯವರೆಲ್ಲ ಸಮಾನರಾದೆವು. ಒನೊಮಿಚಿ ಎಂಬ ಕಡಲತಡಿಯ ಊರಿನಿಂದ ವೃದ್ಧ ದಂಪತಿ ಮಕ್ಕಳನ್ನು ನೋಡಲು ರಾಜಧಾನಿಗೆ ಬರುತ್ತಾರೆ. ಮಗ ವೈದ್ಯ, ಮಗಳು ಕೇಶಾಲಂಕಾರದ ಅಂಗಡಿಯವಳು. ಇಬ್ಬರಿಗೂ ಪುರುಸೊತ್ತಿಲ್ಲ. ಮುದುಕರನ್ನು ಅಗ್ಗದಲ್ಲಿ ಮುಗಿಯುವ ಪ್ರವಾಸಕ್ಕೆ ಸಾಗಹಾಕುತ್ತಾರೆ. ಯುದ್ಧದಲ್ಲಿ ಮಡಿದ ಇನ್ನೊಬ್ಬ ಮಗನ ವಿಧವೆ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಹಾಕಿ ಅವರನ್ನು ಊರು ಸುತ್ತಿಸುತ್ತಾಳೆ. ಮರಳಿದ ಸ್ವಲ್ಪ ದಿನಗಳಲ್ಲಿ ತಾಯಿ ತೀರಿಕೊಳ್ಳುತ್ತಾಳೆ. ಇಷ್ಟೇ ಕಥೆ. ಕ್ಯಾಮರಾ ಚಾಪೆಯ ಮೇಲೆ ಕುಳಿತವರ ಕಣ್ಣಿನ ಎತ್ತರದಲ್ಲಿರುತ್ತದೆ, ಅಲುಗುವುದೇ ಅಪರೂಪ. ಯಾರೂ ಕೂಗುವುದಿಲ್ಲ, ಖಳನಾಯಕನಿಲ್ಲ. ಮಕ್ಕಳು ಕೆಟ್ಟವರೂ ಅಲ್ಲ, ಕೆಲಸವುಳ್ಳವರು ಅಷ್ಟೆ.

ಈ ಚಿತ್ರದ ಕುರಿತು ವಿಮರ್ಶೆ ಬರೆಯುವ ಅಧಿಕಾರ ನಮಗಿಲ್ಲ. ಕಾರಣವನ್ನು ಹೇಳಿಬಿಡುತ್ತೇವೆ. 1982ರಲ್ಲಿ, ಗಿರಣಿ ಮುಷ್ಕರದ ವರ್ಷ, ನಮ್ಮ ತೀರ್ಥರೂಪರು ಊರಿನಿಂದ ಮುಂಬಯಿಗೆ ಬಂದಿದ್ದರು. ಬಂದದ್ದು ಅದೊಂದೇ ಸಲ. ಚಾಳಿನ ಹತ್ತಡಿ ಹನ್ನೆರಡಡಿಯ ಖೋಲಿ. ನಮಗೆ ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕಪತ್ರದ ಕಾಲ. ಪರಿಚಿತ ಹೋಟೆಲಿನ ಹುಡುಗನೊಬ್ಬನನ್ನು ಜೊತೆಮಾಡಿ ಅವರನ್ನು ಮಹಾಲಕ್ಷ್ಮಿ ದೇವಸ್ಥಾನಕ್ಕೂ ಚೌಪಾಟಿಗೂ ಕಳುಹಿಸಿದೆವು. ಹದಿನೈದು ದಿನಗಳೆಂದು ಬಂದವರು ಎಂಟನೆಯ ದಿನವೇ, ಮುಂಬಯಿ ಬಹಳ ಚೆನ್ನಾಗಿದೆ, ಇನ್ನು ಹೊರಡುತ್ತೇನೆ ಎಂದರು. ಮಳೆಗಾಲ ಮುಗಿಯುವ ಮೊದಲು ತಂತಿ ಬಂದಿತು. ಗುರುವಾರ ಚಿತ್ರ ಮುಗಿದು ದೀಪ ಹಾಕಿದಾಗ ಮಗ ನಮ್ಮತ್ತ ನೋಡದೆ, ಅಜ್ಜ ಹಲಸಿನ ಹಪ್ಪಳ ತಂದಿದ್ದರಲ್ಲವೆ, ಎಂದ. ಆಗ ಅವನಿಗೆ ಐದು ವರ್ಷ. ಅವನಿಗೆ ನೆನಪಿದೆ ಎಂಬುದು ನಮಗೆ ತಿಳಿದಿರಲಿಲ್ಲ.

ಶುಕ್ರವಾರ ಮೊಮ್ಮಗನ ದಿನ. ‘ಕೆ.ಜಿ.ಎಫ್.’ ಮೊದಲನೆಯ ಭಾಗ. 2018ರ ದಶಂಬರದಲ್ಲಿ ಐದು ಭಾಷೆಗಳಲ್ಲಿ ಒಮ್ಮೆಗೇ ತೆರೆಕಂಡ, ಪ್ರಶಾಂತ ನೀಲ್ ಅವರ ನಿರ್ದೇಶನದ, ಯಶ್ ಅವರು ನಾಯಕರಾದ ಈ ಚಿತ್ರವನ್ನು ಅವನು ಮೂರು ಸಲ ನೋಡಿದ್ದಾನಂತೆ, ಮೂರು ಸಲವೂ ಹಿಂದಿಯಲ್ಲಿ! ಕನ್ನಡದಲ್ಲಿ ಮಾಡಿದ ಚಿತ್ರವನ್ನು ಕನ್ನಡದ ಹುಡುಗ ಹಿಂದಿಯಲ್ಲಿ ನೋಡುವ ವೈಚಿತ್ರ್ಯಕ್ಕೆ ಮುಂಬಯಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಗೆಳೆಯರೆಲ್ಲ ಹಿಂದಿಯಲ್ಲೇ ನೋಡುತ್ತಾರೆ, ಅಜ್ಜ, ಮಾತುಗಳೆಲ್ಲ ಹಿಂದಿಯಲ್ಲೇ ಬಾಯಿಪಾಠವಾಗಿವೆ ಎಂಬುದು ಅವನ ಸಮಜಾಯಿಷಿ. ನಾವು ಹಟ ಹಿಡಿದು ಕನ್ನಡದಲ್ಲೇ ಹಾಕಿಸಿದೆವು. ಅನಂತನಾಗ್ ಅವರ ಧ್ವನಿಯಲ್ಲಿ ಕಥೆ ಬಿಚ್ಚತೊಡಗಿದ ಹತ್ತು ನಿಮಿಷಗಳಲ್ಲಿ ಹುಡುಗ, ಇದು ಹಿಂದಿಗಿಂತ ಗಟ್ಟಿಯಾಗಿದೆ ಎಂದು ತೀರ್ಪಿತ್ತ. ನಾವು ಮರುಮಾತಾಡಲಿಲ್ಲ, ಗೆದ್ದವರು ಮೌನವಾಗಿರುವುದು ಲೇಸು.

ಚಿತ್ರದ ಬಗೆಗೆ ನಮ್ಮದು ಮಿಶ್ರಾಭಿಪ್ರಾಯ. ದೂಳು, ಕತ್ತಲು, ಬೆಂಕಿ ಇವುಗಳನ್ನು ಕೂಡಿಸಿ ಒಂದು ಕರಾಳ ಲೋಕವನ್ನು ಕಟ್ಟಿದ ಕೌಶಲಕ್ಕೆ ತಲೆದೂಗಿದೆವು. ಗದ್ದಲ ಮಾತ್ರ ನಮ್ಮ ವಯಸ್ಸಿಗೆ ಮೀರಿದ್ದು. ನಿಜವಾದ ಕೋಲಾರ ಚಿನ್ನದ ಗಣಿಗೂ ಈ ಕಥೆಗೂ ಸಂಬಂಧ ಹೆಸರಿನಷ್ಟೇ. ಅಲ್ಲಿ 1880ರಿಂದ ಮುಂದಕ್ಕೆ ಆಂಗ್ಲ ಕಂಪೆನಿಯ ಆಡಳಿತದಲ್ಲಿ, ತರುವಾಯ ಸರಕಾರದ ವಶದಲ್ಲಿ, ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ದುಡಿದವರು ಬಹುಪಾಲು ತಮಿಳು, ತೆಲುಗು ಸೀಮೆಗಳಿಂದ ಹೊಟ್ಟೆಪಾಡಿಗೆ ಬಂದ ಕಾರ್ಮಿಕರು. 2001ರಲ್ಲಿ ಗಣಿ ಮುಚ್ಚಿತು. ಆ ಜನರ ಕಥೆ ಇದರಲ್ಲಿಲ್ಲ. ಇರಲೇಬೇಕೆಂಬ ಕಟ್ಟಳೆಯೂ ಇಲ್ಲ.

ನಮ್ಮ ಗಮನವನ್ನು ಸೆಳೆದುದು ಕಥೆಯ ಮೊದಲ ಭಾಗ. ಮೈಸೂರು ಸೀಮೆಯ ಬಡ ಹುಡುಗನೊಬ್ಬ ತಾಯಿಯನ್ನು ಕಳೆದುಕೊಂಡು ಮುಂಬಯಿಗೆ ಬರುತ್ತಾನೆ. ಬೀದಿಯಲ್ಲಿ ಬೂಟು ಪಾಲಿಶು ಮಾಡುತ್ತಾನೆ. ಬಹುಬೇಗ ಊರು ನಡುಗುವ ಪಾತಕಿಯಾಗುತ್ತಾನೆ. ಇಷ್ಟಾಗುವಾಗ ಮೊಮ್ಮಗ ಚಿತ್ರವನ್ನು ನಿಲ್ಲಿಸಿ ಕೇಳಿದ: “ಅಜ್ಜ, ನೀವೂ ಚಿಕ್ಕವರಿದ್ದಾಗಲೇ ಮುಂಬಯಿಗೆ ಬಂದದ್ದಲ್ಲವೆ? ನೀವು ಬಂದು ಏನು ಮಾಡಿದಿರಿ?”

ಈ ಪ್ರಶ್ನೆಯನ್ನು ಹದಿನಾಲ್ಕು ವರ್ಷಗಳಲ್ಲಿ ಅವನು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಅವನು ಬಲ್ಲ ಅಜ್ಜ ನಿವೃತ್ತ ಗುಮಾಸ್ತ, ಸಂಘದ ವೇದಿಕೆಯಲ್ಲಿ ಶಾಲು ಹೊದೆಸಿಕೊಳ್ಳುವವರು. 1963ರಲ್ಲಿ, ಹದಿನಾರು ವರ್ಷದ ಹುಡುಗ ತಗಡಿನ ಪೆಟ್ಟಿಗೆಯೊಂದಿಗೆ ಬಸ್ಸು ಹತ್ತಿ, ಪುಣೆಯ ಮಾರ್ಗವಾಗಿ ರೈಲಿನಲ್ಲಿ ಬಂದು, ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆಯುವ ಕೆಲಸಕ್ಕೆ ನಿಂತದ್ದು, ರಾತ್ರಿ ಹೋಟೆಲಿನ ಮೇಜುಗಳನ್ನು ಒತ್ತಟ್ಟಿಗೆ ಸರಿಸಿ ಅವುಗಳ ಮೇಲೆ ಮಲಗಿದ್ದು, ಸೋಡಾಪುಡಿಯಿಂದ ಸೀಳಿದ ಬೆರಳುಗಳಲ್ಲಿ ಪೆನ್ಸಿಲು ಹಿಡಿದು ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಪಾಸಾದದ್ದು ಇವೆಲ್ಲವನ್ನೂ ಅಂದು ರಾತ್ರಿ ಮೊದಲ ಬಾರಿಗೆ ಹೇಳಿದೆವು. ಹೇಳಲು ಅರ್ಧ ಗಂಟೆ ಹಿಡಿಯಿತು. ತೆರೆಯ ಮೇಲೆ ರಾಕಿ ಕೈಯೆತ್ತಿ ನಿಶ್ಚಲನಾಗಿ ನಿಂತೇ ಇದ್ದ. ಹುಡುಗ ಕೊನೆಗೆ ಕೇಳಿದ್ದು ಒಂದೇ: ಎಷ್ಟು ಲೋಟ? ನಾವು ಎಣಿಸಿರಲಿಲ್ಲ.

ಶನಿವಾರವೂ ಅವನದೇ. ಶಾಲೆಯಲ್ಲಿ ಉಪಾಧ್ಯಾಯರೊಬ್ಬರು ಹೇಳಿದ್ದರೆಂದು ಚಾಪ್ಲಿನ್ ಅವರ ‘ಮಾಡರ್ನ್ ಟೈಮ್ಸ್’ ಹಾಕಿದ. 1936ರ ಚಿತ್ರ. ಚಿತ್ರಗಳಿಗೆ ಮಾತು ಬಂದು ಒಂಬತ್ತು ವರ್ಷಗಳಾಗಿದ್ದರೂ ಚಾಪ್ಲಿನ್ ತಮ್ಮ ಅಲೆಮಾರಿಯ ಬಾಯಿ ಬಿಡಿಸಲು ಒಪ್ಪಿರಲಿಲ್ಲ. ತಿರುಪುಗಳನ್ನು ಬಿಗಿ ಮಾಡಿ ಮಾಡಿ ಕೈ ತಾನಾಗಿ ತಿರುಗತೊಡಗುವ ಕಾರ್ಮಿಕ, ಅವನಿಗೆ ಉಣಿಸಲು ಬಂದು ಕೆನ್ನೆಗೆ ಬಾರಿಸುವ ಯಂತ್ರ, ಇವುಗಳನ್ನು ನೋಡಿ ಮೂರು ತಲೆಮಾರುಗಳು ಒಂದೇ ಕ್ಷಣಕ್ಕೆ ನಕ್ಕೆವು. ಮೊದಲು ಓದಿ ಮುಗಿಸಿದವರು, ಆಮೇಲೆ ಕೇಳಿಸಿಕೊಂಡವರು ಎಂಬ ಭೇದ ಅಂದು ಇರಲಿಲ್ಲ. ಕೊನೆಯಲ್ಲಿ ಉಪಾಹಾರಗೃಹದ ಮಾಣಿಯಾದ ಚಾಪ್ಲಿನ್, ತೋಳಿನ ಪಟ್ಟಿಯ ಮೇಲೆ ಬರೆದುಕೊಂಡ ಹಾಡು ಹಾರಿಹೋದಾಗ, ಯಾವ ಭಾಷೆಗೂ ಸೇರದ ಶಬ್ದಗಳಲ್ಲಿ ಹಾಡಿ ಸಭೆಯನ್ನು ಗೆಲ್ಲುತ್ತಾರೆ. ಅವರ ಧ್ವನಿ ತೆರೆಯಿಂದ ಲೋಕಕ್ಕೆ ಮೊದಲು ಕೇಳಿಸಿದುದು ಆ ಅರ್ಥವಿಲ್ಲದ ಹಾಡಿನಲ್ಲಿ. ವಾರದಲ್ಲಿ ಒಂದು ಕೊರತೆಯನ್ನೂ ಕಾಣದೆ ನೋಡಿದ ಚಿತ್ರ ಇದೊಂದೇ. ಹಾಗೆಂದ ಮಾತ್ರಕ್ಕೆ ಮಾತಿಲ್ಲದ ಚಿತ್ರವೇ ಎಲ್ಲಕ್ಕೂ ಪರಿಹಾರವೆನ್ನಲಾಗದು. ನಗುವಿಗೆ ಭಾಷೆ ಬೇಡ. ಲೋಟ ತೊಳೆದ ಕಥೆಯನ್ನು ಹೇಳಲು ಬೇಕು.

ಆದಿತ್ಯವಾರ ಸೊಸೆಯ ಸರದಿ. ಚಿತ್ರಮಂದಿರದಲ್ಲಿ ಒಬ್ಬಳೇ ಹೋಗಿ ನೋಡಿದ್ದ ಚಿತ್ರವೊಂದನ್ನು ಆಕೆ ಎಲ್ಲರಿಗೂ ತೋರಿಸಬೇಕೆಂದಳು: ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’. 2024ರ ಕಾನ್ ಉತ್ಸವದ ಮುಖ್ಯ ಸ್ಪರ್ಧೆಯಲ್ಲಿ, ಮೂವತ್ತು ವರ್ಷಗಳ ತರುವಾಯ ಪ್ರವೇಶ ಪಡೆದ ಭಾರತೀಯ ಚಿತ್ರ. ಅಲ್ಲಿ ಎರಡನೆಯ ಅತ್ಯುನ್ನತ ಪುರಸ್ಕಾರವಾದ ಗ್ರಾನ್ ಪ್ರೀಯನ್ನು ಗಳಿಸಿತು. ಕಥೆ ನಡೆಯುವುದು ನಮ್ಮ ಮುಂಬಯಿಯಲ್ಲಿ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ದಾದಿಯರಾದ ಕೇರಳದ ಪ್ರಭಾ ಮತ್ತು ಅನು. ಅವರೊಡನೆ ಅದೇ ಆಸ್ಪತ್ರೆಯ ಅಡುಗೆಯವಳಾದ ಕೊಂಕಣದ ಪಾರ್ವತಿ. ಪ್ರಭಾಳ ಗಂಡ ಜರ್ಮನಿಯಲ್ಲಿ; ಆತನಿಂದ ಪತ್ರವಿಲ್ಲ, ಮಾತಿಲ್ಲ. ಒಂದು ದಿನ ಆ ದೇಶದಲ್ಲಿ ತಯಾರಾದ ಅನ್ನ ಬೇಯಿಸುವ ಪಾತ್ರೆಯೊಂದು ಹೆಸರಿಲ್ಲದೆ ಮನೆಗೆ ಬರುತ್ತದೆ. ರಾತ್ರಿ ಆಕೆ ಅದನ್ನು ತಬ್ಬಿ ಕೂರುತ್ತಾಳೆ. ಪಾರ್ವತಿ ವರ್ಷಾಂತರಗಳಿಂದ ವಾಸವಾಗಿದ್ದ ಮನೆಗೆ ತನ್ನ ಹೆಸರಿನ ಕಾಗದವಿಲ್ಲ. ಕಟ್ಟಡ ಕಟ್ಟುವವರು ಏಳಿಸುತ್ತಾರೆ. ಆಕೆ ಕಡಲ ಬದಿಯ ತನ್ನೂರಿಗೆ ಮರಳುತ್ತಾಳೆ.

ಎರಡನೆಯ ಭಾಗ ಕೊಂಚ ಕನಸಿನತ್ತ ವಾಲಿ ನಮ್ಮ ಗೃಹಿಣಿಗೆ ನಿದ್ದೆ ತರಿಸಿತು. ನಮಗೂ ಒಂದೆರಡು ಕಡೆ ಗೊಂದಲವಾಯಿತು. ಆದರೂ ಈ ಚಿತ್ರದಲ್ಲಿ ನಾವು ಕಂಡ ಮುಂಬಯಿ ನಮ್ಮದು. ಕೊನೆಯ ಲೋಕಲಿನ ಕಿಟಕಿಗೊರಗಿದ ಹೆಂಗಸರ ಮುಖ, ಮಳೆಗೆ ಒಣಗದ ಬಟ್ಟೆ, ಕೆಲಸದ ಸ್ಥಳದಲ್ಲಿ ಒಂದು ಭಾಷೆ, ಕೋಣೆಗೆ ಬಂದೊಡನೆ ತಾಯ್ನುಡಿ, ಇವುಗಳನ್ನು ನಾವು ಅರುವತ್ತು ವರ್ಷ ಬಾಳಿದ್ದೇವೆ, ತೆರೆಯ ಮೇಲೆ ಕಂಡಿರಲಿಲ್ಲ. ಇಲ್ಲಿ ಊರು ಬಿಟ್ಟವರನ್ನು ಯಾರೂ ರಾಜರನ್ನಾಗಿ ಮಾಡುವುದಿಲ್ಲ, ಕನಿಕರದಿಂದ ಕೆಳಕ್ಕೂ ನೋಡುವುದಿಲ್ಲ. ಅವರು ಕೆಲಸ ಮಾಡುವುದನ್ನು, ದಣಿಯುವುದನ್ನು, ಊಟ ಮಾಡುವುದನ್ನು ತೋರಿಸುತ್ತಾರೆ. ಅದು ಸಾಕಾಗುತ್ತದೆ. ಮೊಮ್ಮಗ ಈ ಸಲ ಅಕ್ಷರ ಓದುತ್ತ ಓದುತ್ತ, ಇದರಲ್ಲಿ ಮಲೆಯಾಳಿಗಳಿದ್ದಾರೆ, ಮರಾಠಿಯವರಿದ್ದಾರೆ, ನಮ್ಮವರ ಚಿತ್ರ ಯಾವುದು, ಎಂದು ಕೇಳಿದ.

ಯಾವುದೇ ಮುಂದಾಲೋಚನೆಯಿಲ್ಲದೆ ಐದು ಮಂದಿ ಆರಿಸಿದ ಏಳು ಚಿತ್ರಗಳಲ್ಲಿ ನೆಲೆ ತಪ್ಪಿದವರು, ಊರು ಬಿಟ್ಟವರು, ಬಿಟ್ಟ ಊರಿನಿಂದ ಬಂದವರು ಒಬ್ಬರಲ್ಲ ಒಬ್ಬರು ಇದ್ದೇ ಇದ್ದರು. ಲೋಕದ ಚಿತ್ರಗಾರರಿಗೆ ಇದಕ್ಕಿಂತ ಹತ್ತಿರದ ವಸ್ತು ಇಲ್ಲವೆಂದು ತೋರುತ್ತದೆ. ಹಾಗಿರುವಾಗ ಹುಡುಗನ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವೇಕಿಲ್ಲ? ಮುಂಬಯಿ ಕನ್ನಡಿಗರ ಬದುಕು ಕನ್ನಡ ಸಾಹಿತ್ಯಕ್ಕೆ ಅಪರಿಚಿತವಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದೇ ನಗರದ ಹೊಟ್ಟೆಯಿಂದ ಹುಟ್ಟಿದ್ದು. ವ್ಯಾಸರಾಯ ಬಲ್ಲಾಳರು, ಜಯಂತ ಕಾಯ್ಕಿಣಿಯವರು ಈ ಊರಿನ ಬೀದಿಗಳನ್ನು ಕನ್ನಡಕ್ಕೆ ತಂದಿದ್ದಾರೆ. ಆದರೆ ತೆರೆಯ ಮೇಲಿನ ಕನ್ನಡ ನಾಯಕ ಮುಂಬಯಿಗೆ ಬಂದರೆ ಪಿಸ್ತೂಲು ಹಿಡಿಯಬೇಕು. ತಟ್ಟೆ ಹಿಡಿದವನಿಗೆ ಅಲ್ಲಿ ಎಡೆಯಿಲ್ಲ. ಹೋಟೆಲಿನ ಒಲೆಯ ಮುಂದೆ ಅರ್ಧಾಯುಷ್ಯ ಸವೆಸಿದವರು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿದವರು, ಮನಿಆರ್ಡರಿನ ರಸೀತಿಗಳನ್ನು ಜೋಪಾನವಾಗಿ ಕಟ್ಟಿಟ್ಟವರು ಚಿತ್ರವೊಂದಕ್ಕೆ ಅಯೋಗ್ಯರೆ?

ಬೆಂಗಳೂರಿನ ಚಿತ್ರೋದ್ಯಮದವರನ್ನು ದೂರಿ ಲೇಖನವನ್ನು ಮುಗಿಸುವುದು ಸುಲಭ. ಆದರೆ ದೂರುವ ಮೊದಲು ಎರಡು ವಿಷಯಗಳನ್ನು ಒಪ್ಪಿಕೊಳ್ಳಬೇಕಾಗಿದೆ. ಕೇಳುವವರಿಲ್ಲದ ಭಾಷೆಯಲ್ಲಿ ಯಾರೂ ಕಥೆ ಹೇಳುವುದಿಲ್ಲ. ಕನ್ನಡ ಚಿತ್ರ ಮುಂಬಯಿಗೆ ಬಂದಾಗ ಒಂದು ಗುಂಡಿ ಒತ್ತಿದರೆ ಸಿಗುವ ಕನ್ನಡವನ್ನು ಬಿಟ್ಟು ಹಿಂದಿಯಲ್ಲಿ ನೋಡಿದವರು ನಾವೇ. ನಮ್ಮ ಮಕ್ಕಳನ್ನು ಹಾಗೆ ನೋಡಲು ಬಿಟ್ಟವರೂ ನಾವೇ. ಇದು ಮೊದಲನೆಯದು. ಎರಡನೆಯದು ಇನ್ನಷ್ಟು ಕಹಿ. ನಮ್ಮ ಕಥೆಯನ್ನು ಯಾರೂ ತೆರೆಗೆ ತರಲಿಲ್ಲವೆಂದು ಗೊಣಗುವ ನಾವು ಅದನ್ನು ಸ್ವಂತ ಮೊಮ್ಮಗನಿಗೇ ಹೇಳಿರಲಿಲ್ಲ. ಲೋಟ ತೊಳೆದ ಕೈಯನ್ನು ಶಾಲಿನೊಳಗೆ ಮರೆಮಾಡಿದ್ದೆವು. ಬಂಗಾರದ ಮನುಷ್ಯನ ಮೌನವನ್ನು ಸೋಮವಾರ ಆಕ್ಷೇಪಿಸಿದ ನಾವು, ಅದೇ ಮೌನವನ್ನು ಮನೆಯಲ್ಲಿ ಹದಿನಾಲ್ಕು ವರ್ಷ ಪಾಲಿಸಿದ್ದೆವು. ಮನೆಯಲ್ಲಿ ಹೇಳದ ಕಥೆ ತೆರೆಗೆ ಬರುವುದು ಎಲ್ಲಿಂದ?

ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಹೊರಬಂದಿತು. ಅದರ ಚಿತ್ರೀಕರಣ ನಡೆದುದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ, ಕೊಲ್ಲಾಪುರದಲ್ಲಿ. ತೆರೆಯ ಮೇಲಿನ ಕನ್ನಡ ಮೊದಲು ಬಾಯಿಬಿಟ್ಟದ್ದೇ ಪರಊರಿನಲ್ಲಿ. ಆದುದರಿಂದ ಹೊರನಾಡು ಕನ್ನಡ ಚಿತ್ರಕ್ಕೆ ಹೊರತಾದ ನೆಲವೆಂದು ಯಾರೂ ಭಾವಿಸಬೇಕಾಗಿಲ್ಲ. ಇಂದು ಒಂದು ಚಿತ್ರವನ್ನು ತೆಗೆಯುವ ಸಾಧನ ಪ್ರತಿಯೊಬ್ಬ ತರುಣನ ಕಿಸೆಯಲ್ಲಿಯೇ ಇದೆ. ನಮ್ಮ ಸಂಘ ಸಂಸ್ಥೆಗಳು ವಾರ್ಷಿಕೋತ್ಸವದ ಸನ್ಮಾನಗಳಲ್ಲಿ ಎರಡನ್ನು ಕಡಿಮೆ ಮಾಡಿ, ಆ ಹಣದಲ್ಲಿ ಹಳೆಯ ಹೋಟೆಲು ಕಾರ್ಮಿಕರ, ರಾತ್ರಿಶಾಲೆಯ ಹಳೆ ವಿದ್ಯಾರ್ಥಿಗಳ ಮಾತುಗಳನ್ನು ಅವರ ಬಾಯಿಂದಲೇ ಚಿತ್ರೀಕರಿಸಿಡಲಿ. ಅವರು ಇನ್ನು ಬಹಳ ಕಾಲ ಇರುವವರಲ್ಲ. ಅದನ್ನು ಆಧರಿಸಿ ನಾಳೆ ಯಾರಾದರೂ ಪ್ರತಿಭಾವಂತರು ದೊಡ್ಡ ಚಿತ್ರ ಮಾಡಿಯಾರು, ಮಾಡದಿದ್ದರೂ ನಷ್ಟವಿಲ್ಲ.

ಕಾಲಿನ ಬಾವು ಈಗ ಇಳಿದಿದೆ. ಆ ಹೋಟೆಲು ಇದ್ದ ಸ್ಥಳವನ್ನು ನೋಡಬೇಕೆಂದು ಮೊಮ್ಮಗ ಹಟ ಹಿಡಿದಿದ್ದಾನೆ. ಹೋಟೆಲು ಈಗಿಲ್ಲ, ಅಲ್ಲಿ ಔಷಧದ ಅಂಗಡಿಯಿದೆ ಎಂದರೂ ಕೇಳಲೊಲ್ಲ. ಬರುವ ಆದಿತ್ಯವಾರ ಹೋಗಿಬರುವುದೆಂದು ನಿಶ್ಚಯವಾಗಿದೆ. ಅವನು ತನ್ನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನಂತೆ. ನಾವು ಕನ್ನಡದಲ್ಲಿ ಹೇಳಬೇಕಂತೆ. ಕೆಳಗೆ ಇಂಗ್ಲಿಷ್ ಅಕ್ಷರಗಳನ್ನು ಆಮೇಲೆ ಹಾಕಿಕೊಳ್ಳುತ್ತೇನೆ ಎಂದಿದ್ದಾನೆ. ಹಾಕಿಕೊಳ್ಳಲಿ, ನಮ್ಮ ಅಡ್ಡಿಯಿಲ್ಲ.